ಅಳಿಯ ಹೊರಬಿದ್ದ ಬೆಳಗು

ಆ ಬೆಳಿಗ್ಗೆ ಮೋಡ ನೆಲಕ್ಕೆ ತಾಗುವಷ್ಟು ಕೆಳಗಿಳಿದು ಕೂತಿತ್ತು. ಬಂಗಾಳ ಕೊಲ್ಲಿಯಲ್ಲೆದ್ದ ವಾಯುಭಾರ ಕುಸಿತ ದಸರೆ ಮುಗಿದಂದಿನಿಂದ ಸೂರ್ಯನನ್ನು ಮುಚ್ಚಿಟ್ಟಿತ್ತು. ತುಂಗಭದ್ರೆಯ ಕಾಲುವೆಯ ಮೇಲೆ ತುಂತುರು ಹೊಗೆಯಂತೆ ಆಡುತ್ತಿತ್ತು. ನಿಂತ ಎತ್ತುಗಳ ಕೋಡಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು. ಮುದ್ದನಗುಂಡಿ ಎಂಬ ಊರಿನ ಹಿರಿಯರು ಎದ್ದು, ಕಾಣದ ಸೂರ್ಯನಿಗೆ ಅಂದಾಜಿನ ಮೇಲೆ ಕೈ ಮುಗಿದು ಹೊಲದ ಕಡೆ ತಿರುಗಿದರು. ತಿರುಗಿದವರು ಹಾಗೇ ನಿಂತರು. ನಿನ್ನೆ ಸಂಜೆ ಹಸಿರಾಗಿದ್ದ ಭತ್ತದ ಗದ್ದೆಗಳು ಸುಣ್ಣ ಬಳಿದ ಹಾಗೆ ಬೆಳ್ಳಗಾಗಿದ್ದವು.

ಅದೇ ಹೊತ್ತಿಗೆ, ಕಾಲುವೆಯ ಆಚೆ ದಂಡೆಯಲ್ಲಿದ್ದ ಭತ್ತದ ಸಂಶೋಧನಾ ಕೇಂದ್ರದ ನಿಯಂತ್ರಣ ಕೊಠಡಿಯಲ್ಲಿ, ವೈಜಯಂತಿ ಕುಷ್ಟಗಿ ಸೂಕ್ಷ್ಮದರ್ಶಕವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಅದರೊಳಗೆ ಬಗ್ಗಿದಳು. ಕೇಂದ್ರದ ಮುಖ್ಯಸ್ಥೆ ಅವಳು. ಪ್ರತಿದಿನದ ಆ ನಮಸ್ಕಾರ ಅವಳ ಕೈಗೆ ತಾನಾಗಿ ಬರುತ್ತಿತ್ತು. ಹಿಂದೆ ಗೋಡೆಯ ತುಂಬ ಪರದೆಗಳು. ರೈತರ ಗದ್ದೆಗಳಲ್ಲಿ ಕಂಬ ನಿಲ್ಲಿಸಿ ಹಾಕಿದ್ದ ಕ್ಯಾಮೆರಾಗಳು ಒಂದೊಂದೇ ಬಿಳಿ ಗದ್ದೆಯನ್ನು ತೋರಿಸುತ್ತಿದ್ದವು. ಅವುಗಳ ಮುಂದೆ ಅವಳ ಸಹಾಯಕ ವಿಜ್ಞಾನಿ ಮೌನೇಶ ಕೂತಿದ್ದ.

"ಅಕ್ಕಾರ, ಒಳಗ ಏನ್ ಕಾಣ್ತೈತ್ರಿ?"

ಒಳಗೆ ಕೊಲೆ ಕಾಣುತ್ತಿತ್ತು. ಎಲೆಯ ಒಂದೊಂದು ಜೀವಕೋಶದಲ್ಲೂ ಹಸಿರು ಕಾಳುಗಳು ಸೀಳಿ ಎರಡಾಗುತ್ತಿದ್ದವು, ಎರಡಾದವು ಮತ್ತೆ ಸೀಳುತ್ತಿದ್ದವು. ಜಾಗ ಸಾಲದೆ ಒಂದನ್ನೊಂದು ತುಳಿದು ಗೋಡೆಗೆ ಒತ್ತಿ ನಿಂತವು. ಗೋಡೆ ಉಬ್ಬಿತು, ಬಿರಿಯಿತು, ಹೊಟ್ಟೆ ಬಗೆದಾಗ ಕರುಳು ಸುರಿಯುವಂತೆ ಹಸಿರೆಲ್ಲ ಒಮ್ಮೆಗೇ ಹೊರಗೆ ಸುರಿಯಿತು. ಅದರ ಒತ್ತಡಕ್ಕೆ ಪಕ್ಕದ ಕೋಶ ಒಡೆಯಿತು. ಬಳಿಕ ಅದರ ಪಕ್ಕದ್ದು. ಎಲೆಯೆಂಬ ಊರಿನಲ್ಲಿ ಮನೆಯ ಮೇಲೆ ಮನೆ ಬೀಳುತ್ತಿತ್ತು.

"ಅಳಿಯ ಮನಿ ಒಡದ್ನೋ ಮೌನೇಶ," ಎಂದಳು ವೈಜಯಂತಿ.

ಈ ಅಳಿಯ ಯಾರೆಂದು ತಿಳಿಯಬೇಕಾದರೆ ಬಹಳ ಹಳೆಯ ಕಥೆಯೊಂದನ್ನು ಕೇಳಬೇಕು. ಗಿಡ, ಮರ, ಹುಲ್ಲುಕಡ್ಡಿ ಯಾವುದೂ ಭೂಮಿಯ ಮೇಲಿಲ್ಲದ ಕಾಲ. ನೀರಿನಲ್ಲಿ ನೀಲಿ-ಹಸಿರು ಮೈಯ ಒಂದು ಬ್ಯಾಕ್ಟೀರಿಯಾ ತೇಲಿಕೊಂಡಿತ್ತು. ಬಿಸಿಲನ್ನೇ ಅನ್ನ ಮಾಡಿಕೊಳ್ಳುವ ವಿದ್ಯೆಯನ್ನು ಭಗವಂತ ಅದರ ಕೈಗೆ ಕೊಟ್ಟಿದ್ದ. ಒಂದು ದಿನ ಹಸಿದ ದೊಡ್ಡ ಜೀವಕೋಶವೊಂದು ಬಂದು ಅದನ್ನು ನುಂಗಿತು. ನುಂಗಿದ್ದು ಅರಗಲಿಲ್ಲ. ಒಳಗೇ ಉಳಿಯಿತು, ಬಿಸಿಲು ಕಂಡಾಗಲೆಲ್ಲ ಅನ್ನ ಬೇಯಿಸಿತು, ನುಂಗಿದವನಿಗೂ ಬಡಿಸಿತು. ನುಂಗಿದ ಬಾಯಿಯೇ ಅದಕ್ಕೆ ಮನೆಯಾಯಿತು. ಕೋಟಿ ಕೋಟಿ ವರ್ಷ ಹಾಗೆ ಬಾಳುತ್ತ ಅದು ತನ್ನ ಜೀನುಗಳನ್ನು, ಅಂದರೆ ಹೇಗೆ ಬೆಳೆಯಬೇಕು, ಹೇಗೆ ಹೆಚ್ಚಬೇಕು, ಗಾಯವಾದರೆ ಹೇಗೆ ಮಾಯಬೇಕು ಎಂಬ ತನ್ನ ಹುಟ್ಟುಗಂಟನ್ನು, ಒಂದೊಂದಾಗಿ ಆ ಮನೆಯ ನಡುಕೋಣೆಗೆ ಒಪ್ಪಿಸುತ್ತ ಬಂತು. ಆ ನಡುಕೋಣೆಯೇ ಕೋಶಕೇಂದ್ರ. ಮೂರು ಸಾವಿರದಷ್ಟಿದ್ದ ಜೀನುಗಳಲ್ಲಿ ಇಂದು ಅದರ ಕೈಯಲ್ಲಿ ಉಳಿದಿರುವುದು ನೂರು ಚಿಲ್ಲರೆ. ಮಿಕ್ಕದ್ದೆಲ್ಲ ಬೇಕೆಂದಾಗ ಮನೆಯವರೇ ಮಾಡಿ ಕಳಿಸಬೇಕು, ಇದು ಇಸಿದುಕೊಳ್ಳಬೇಕು. ಪುಸ್ತಕದಲ್ಲಿ ಅದರ ಹೆಸರು ಕ್ಲೋರೋಪ್ಲಾಸ್ಟ್. ಎಲೆ ಹಸಿರಾಗಿರುವುದು ಅದರಿಂದ.

ಬೇರೆಯವರ ಮನೆಗೆ ಬಂದು, ಅಲ್ಲೇ ದುಡಿದು, ತನ್ನದೆಲ್ಲವನ್ನೂ ಆ ಮನೆಗೇ ಒಪ್ಪಿಸಿದವನಿಗೆ ಆ ಕಡೆಯ ಜನ ಇಡುವ ಹೆಸರು ಒಂದೇ. ಮನೆ ಅಳಿಯ. ಕೇಂದ್ರದಲ್ಲಿ ಯಾರೋ ತಮಾಷೆಗೆ ಅಂದದ್ದು ಹಾಗೇ ನಿಂತುಬಿಟ್ಟಿತ್ತು. "ಇವತ್ತು ಅಳಿಯ ಹ್ಯಾಂಗದಾನ?" ಎಂದರೆ "ಉಂಡು ಅಡ್ಡಾಗ್ಯಾನ್ರಿ" ಎನ್ನುವುದು ಅವರ ದಿನದ ಮಾತು.

ಬಿಸಿಲು ವರ್ಷದಿಂದ ವರ್ಷಕ್ಕೆ ಕಾಯುತ್ತ ಹೋದಾಗ ಅಳಿಯ ಸೋಲತೊಡಗಿದ್ದ. ಮನೆಯಿಂದ ಸಾಮಾನು ಬರುವಷ್ಟರಲ್ಲಿ ಬೆಂದುಹೋಗುತ್ತಿದ್ದ, ಕಾಳು ಜೊಳ್ಳಾಗುತ್ತಿತ್ತು. ಆಗ ವೈಜಯಂತಿಗೆ ಹೊಳೆದದ್ದು ಇದು: ಹೆಚ್ಚುವ ವಿದ್ಯೆಯ ಜೀನುಗಳನ್ನು ಅವನಿಗೆ ಮರಳಿ ಕೊಟ್ಟರೆ? ಬೇಕಾದಾಗ ತಾನೇ ಹೆಚ್ಚಿಕೊಳ್ಳಲಿ. ಕೊಟ್ಟಳು. ಆ ಭತ್ತಕ್ಕೆ ಧಾರಿಣಿ ಎಂದು ಹೆಸರಿಟ್ಟರು. ಎರಡು ಸುಗ್ಗಿ ಜನರ ಕಣಜ ತುಂಬಿತು. ಮೂರನೆಯ ಬೆಳೆಗೆ ಈ ಮೋಡ ಬಂತು. ಬೆಳಕು ಸಾಲದ ಅಳಿಯ ಬೆಳಕಿಗಾಗಿ ಹೆಚ್ಚಿದ, ಮತ್ತೂ ಸಾಲದೆ ಮತ್ತೂ ಹೆಚ್ಚಿದ. ಸಾಕು ಎಂದು ತಡೆಯುವ ಮಾತು ಈಗ ಮನೆಯವರ ಕೈಯಲ್ಲಿರಲಿಲ್ಲ.

ಪರದೆಯ ಮೇಲೆ ಗದ್ದೆಯ ನೀರು ಹಸಿರು ನೊರೆಯಾಗಿ ತೂಬಿನ ಕಡೆ ಹರಿಯುತ್ತಿತ್ತು.

"ಕಾಲುವಿಗೆ ಇಳದ್ರ?" ಎಂದ ಮೌನೇಶ.

"ನೀರಾಗ ಬದುಕಿಬಿಟ್ರ, ಕಬ್ಬು, ಜ್ವಾಳ, ದನದ ಹುಲ್ಲು, ಯಾವುದರಾಗ ಹೊಗ್ತೈತೋ ಆ ಶಿವಗ ಗೊತ್ತು." ಅವಳು ಕೇಂದ್ರದ ಸಿಬ್ಬಂದಿಯ ವಾಟ್ಸ್ಆ್ಯಪ್ ಗುಂಪು ತೆಗೆದು, ಬರೆಯಲು ಪುರಸೊತ್ತಿಲ್ಲದೆ ಬಾಯಿಂದಲೇ ಹೇಳಿದಳು:

"ಎಲ್ಲಾರೂ ಕೇಳ್ರಿ. ಮುದ್ದನಗುಂಡಿ ಕಡೆ ಅಳಿಯ ಮನಿ ಒಡದು ಹೊರಗ ಬಿದ್ದಾನ. ಕಾಲುವಿ ದಾಟಾಕ ಬಿಡಬ್ಯಾಡ್ರಿ. ಎಲ್ಲಿ ಕಂಡ್ರೂ ಅಲ್ಲೇ ತಡದು, ಡೀಸೆಲ್ ಸುರದು ಸುಟ್ಟುಬಿಡ್ರಿ. ಅಂವ ಉಳದ್ರ ಯಾರ ಹೊಲಾನೂ ಉಳಿಯಂಗಿಲ್ಲ."

ಗುಂಪಿನಲ್ಲಿದ್ದ ಒಬ್ಬ ಕ್ಷೇತ್ರ ಸಹಾಯಕ, ಒಳ್ಳೆಯದೇ ಆಗಲೆಂದು, ಅದನ್ನು ಹಾಗೇ ರೈತರ ಗುಂಪಿಗೆ ದಾಟಿಸಿದ.

ಮುದ್ದನಗುಂಡಿಯಲ್ಲಿ ಹೊನ್ನೂರಪ್ಪ ಕಟ್ಟೆಯ ಮೇಲೆ ಕೂತು ಚಹಾಕ್ಕೆ ಕಾಯುತ್ತಿದ್ದ. ಗಂಡುಮಕ್ಕಳಿಲ್ಲದ ಮುದುಕ. ಒಬ್ಬಳೇ ಮಗಳು ಹುಲಿಗೆವ್ವ. ಅವಳಿಗೆ ಪಂಪಾಪತಿಯನ್ನು ತಂದು ಮನೆ ಅಳಿಯನಾಗಿ ಇಟ್ಟುಕೊಂಡಿದ್ದ. ಊರಿನಲ್ಲಿ ಅಂಥ ಅಳಿಯ ಅವನೊಬ್ಬನೇ.

"ಎಲ್ಲವ್ವಾ ಅಳಿಯ?"

"ನಸುಕಿನ್ಯಾಗ ಎದ್ದು ಗದ್ದಿಗೆ ಹ್ವಾದ್ರು," ಎಂದಳು ಹುಲಿಗೆವ್ವ ಒಲೆಯ ಮುಂದಿನಿಂದ. "ನೀರು ಹಸರಾಗೇತಿ, ತೂಬು ಕಟ್ಟಬೇಕು ಅಂತ. ಎತ್ತಿಗಾದ್ರ ಸೋಮವಾರ ಒಂದು ರಜಾ ಐತಿ, ನನ್ನ ಗಂಡಗ ಅದೂ ಇಲ್ಲ. ನಿನ್ನ ಮನಿ ಅಳಿಯ ಆಗೋದಕಿಂತ ಎತ್ತಾಗಿ ಹುಟ್ಟಿದ್ರ ಚಲೋ ಇತ್ತು."

"ಎತ್ತು ನಿನ್ನ ಕೂಡ ಬಾಳ್ವಿ ಮಾಡತಿತ್ತೇನ? ಒದ್ದು ಓಡಿಹೋಗತಿತ್ತು," ಎಂದು ಮುದುಕ ನಕ್ಕ.

ನಗು ಮುಗಿಯುವ ಮುಂಚೆ ಅಂಗಳದ ತುಂಬ ಜನ ಬಂದರು. ಮುಂದೆ ಮಾರೆಪ್ಪ, ಹೊನ್ನೂರಪ್ಪನ ತಮ್ಮನ ಮಗ. ಪಂಪಾಪತಿ ಬರದೆ ಹೋಗಿದ್ದರೆ ದೊಡ್ಡಪ್ಪನ ಹೊಲ ಅವನದಾಗುತ್ತಿತ್ತು. ಅವನ ಕೈಯಲ್ಲಿ ಮೊಬೈಲು.

"ಕೇಳು ದೊಡ್ಡಪ್ಪ, ನಿನ್ನ ಅಳಿಯದೇವರ ಪುರಾಣ."

ವೈಜಯಂತಿಯ ದನಿ ಅಂಗಳದಲ್ಲಿ ಮೊಳಗಿತು. ಮನೆ ಒಡೆದ ಅಳಿಯ. ಕಾಲುವೆ ದಾಟಬಾರದ ಅಳಿಯ. ಸುಟ್ಟುಬಿಡಬೇಕಾದ ಅಳಿಯ.

"ನಮ್ಮೂರಾಗ ಮನಿ ಅಳಿಯ ಅಂದ್ರ ಯಾರು? ಆ ಧಾರಿಣಿ ಬೀಜಾ ಮದಲ ಊರಿಗೆ ಹೊತ್ತು ತಂದಾಂವ ಯಾರು?" ಮಾರೆಪ್ಪ ಜನರ ಕಡೆ ತಿರುಗಿ ಕೇಳಿದ. "ಮೇಡಂ ತಾಳಲಾರದ ಹೇಳ್ಯಾಳ. ಅಲ್ಲಿ ಏನೋ ಒಡದು ಕದ್ದು ಬಂದು ನಮ್ಮ ನೀರಿಗೆ ಬೆರಸ್ಯಾನ. ಹೊಲ ನೋಡೀರಿಲ್ಲೋ?"

ನೋಡಿದ್ದರು. ಎಲ್ಲರ ಕಣ್ಣಲ್ಲೂ ಆ ಬಿಳುಪು ಇತ್ತು.

"ನನ್ನ ಗಂಡ ತೂಬು ಕಟ್ಟಾಕ ಹೋಗ್ಯಾನ!" ಹುಲಿಗೆವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. "ಅಪ್ಪಾ, ಹೇಳು ಇವರಿಗೆ!"

ಹೊನ್ನೂರಪ್ಪ ಬಾಯಿ ತೆರೆದ. "ಮೇಡಂ ಹಂಗ್ಯಾಕ ಅಂತಾಳ..." ಎಂದ. ಅಷ್ಟಕ್ಕೇ ಮಾತು ನಿಂತಿತು. ಕಲಿತ ಹೆಂಗಸು, ಸುಳ್ಳು ಹೇಳುವವಳಲ್ಲ. ತನ್ನ ಗದ್ದೆಯೂ ಬೆಳ್ಳಗಾಗಿತ್ತು. ಇಷ್ಟು ವರ್ಷ ಒಂದೇ ಹೊಸ್ತಿಲು ದಾಟಿದವನಾದರೂ ಅವನು ಹೊರಗಿನಿಂದ ಬಂದವನಲ್ಲವೇ ಎಂಬ ಸಣ್ಣ ಹುಳವೊಂದು ಮುದುಕನ ಎದೆಯೊಳಗೆ ತಲೆಯೆತ್ತಿತು. ಅವನು ನೆಲ ನೋಡಿದ. ಆ ನೋಟವೇ ಜನರಿಗೆ ಸಾಕಾಯಿತು.

ಹುಲಿಗೆವ್ವ ಅವರ ಹಿಂದೆ ಓಡಿದಳು.

ಕೇಂದ್ರದಲ್ಲಿ ಮೋಡ ಹರಿದದ್ದನ್ನು ಮೊದಲು ಕಂಡವನು ಮೌನೇಶ. ಪರದೆಗಳೆಲ್ಲ ಒಮ್ಮೆಗೇ ಬೆಳಗಿದವು. ಎಷ್ಟೋ ದಿನದ ಮೇಲೆ ಬಿಸಿಲು ಚಾಟಿಯಂತೆ ಗದ್ದೆಗಳ ಮೇಲೆ ಬಿತ್ತು. ಅವನು ಕಿಟಕಿಯ ಬಳಿ ಇಟ್ಟಿದ್ದ ಗಾಜಿನ ಬಟ್ಟಲಿನಿಂದ, ಗದ್ದೆಯಿಂದ ತಂದ ಹಸಿರು ನೀರಿನ ಹನಿಯೊಂದನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದ. ಮತ್ತೆ ನೋಡಿದ.

"ಅಕ್ಕಾರ, ಸಾಯಾಕತ್ತಾವ್ರಿ!"

ನಿಜ. ಹೊರಬಿದ್ದ ಕಾಳುಗಳು ಬಿಸಿಲಿಗೆ ಹಳದಿಯಾಗಿ, ಕಂದಾಗಿ, ಸುಕ್ಕಿ ಒಡೆಯುತ್ತಿದ್ದವು. ವೈಜಯಂತಿ ತಲೆ ಹಿಡಿದು ಕೂತಳು. ಹೊಳೆಯದೆ ಹೋದದ್ದು ಎಷ್ಟು ಸರಳವಾಗಿತ್ತು! ಬಿಸಿಲು ಹಿಡಿಯುವ ಯಂತ್ರವನ್ನು ಬಿಸಿಲೇ ದಿನವೂ ಮುರಿಯುತ್ತದೆ. ಮುರಿದದ್ದನ್ನು ಮುರಿದ ಕೂಡಲೇ ದುರಸ್ತಿ ಮಾಡುವ ಆಳನ್ನು ಮನೆಯವರು ಕಳಿಸುತ್ತಾರೆ. ಆ ವಿದ್ಯೆಯನ್ನು ಅವಳು ಅಳಿಯನಿಗೆ ಮರಳಿ ಕೊಟ್ಟಿರಲಿಲ್ಲ. ತನಗೆ ಬೇಕಾದದ್ದನ್ನಷ್ಟೇ ಕೊಟ್ಟಿದ್ದಳು. ಮನೆ ಒಡೆಯುವಷ್ಟು ಕೊಟ್ಟಿದ್ದಳು, ಬದುಕುವಷ್ಟು ಕೊಟ್ಟಿರಲಿಲ್ಲ. ಹೊರಗೆ ಬಂದವನನ್ನು ಅವನ ಅನ್ನದಾತನಾದ ಸೂರ್ಯನೇ ಕೊಲ್ಲುತ್ತಿದ್ದ.

"ಸುಡೋದು ಬ್ಯಾಡಂತ ಹೇಳು ಎಲ್ಲಾರಿಗೂ. ಸಂಜೀತನಕ ಸುಮ್ಮನ ನಿಂತ್ರ ಸಾಕು."

ಮೌನೇಶ ಮೊಬೈಲು ತೆಗೆದ. ಅದರಲ್ಲಿ ರೈತರ ಗುಂಪಿನಿಂದ ಹೊಸ ಧ್ವನಿಸಂದೇಶವೊಂದು ಬಂದು ಕೂತಿತ್ತು. ಒತ್ತಿದ.

"ಮೇಡಂ, ನಾ ಮಾರೆಪ್ಪ ಮುದ್ದನಗುಂಡಿ. ಅಳಿಯ ಸಿಕ್ಕಾನ್ರಿ. ತೂಬಿನ ಹತ್ರನ ಸಿಕ್ಕ. ಡೀಸೆಲ್ ತರಾಕ ಕಳಿಸೀವಿ."

"ಚಲೋ ಆತು, ತೂಬು ಕಟ್ಟ್ಯಾರ," ಎಂದ ಮೌನೇಶ.

"ತಡಿ. ಇನ್ನೊಮ್ಮಿ ಹಚ್ಚು."

ಮಾರೆಪ್ಪನ ಮಾತಿನ ಹಿಂದೆ, ಗಾಳಿಯ ಗದ್ದಲದಲ್ಲಿ, ಹೆಣ್ಣೊಬ್ಬಳ ಚೀರಾಟ ಇತ್ತು. *ಬಿಡ್ರೋ, ನನ್ನ ಗಂಡನ್ನ ಬಿಡ್ರೋ.*

ವೈಜಯಂತಿಗೆ ತಾನಾಡಿದ ಮಾತು ಅಕ್ಷರ ಅಕ್ಷರವಾಗಿ ಮರಳಿ ಕೇಳಿಸಿತು. ಅವಳು ಮಾರೆಪ್ಪನಿಗೆ ಫೋನು ಮಾಡಿದಳು. ಅದು ಬಡಿದುಕೊಂಡು ನಿಂತಿತು. ಮೌನೇಶನನ್ನು ಕರೆದುಕೊಂಡು ಜೀಪಿನಲ್ಲಿ ಕೂತು, ಒಂದೇ ಕೈಯಲ್ಲಿ ಸ್ಟಿಯರಿಂಗು ಹಿಡಿದು, ರೈತರ ಗುಂಪಿಗೆ ಕೂಗುತ್ತಲೇ ಇದ್ದಳು: "ಅಂವ ಮನಷ್ಯಾ ಅಲ್ಲ! ನಾ ಅಂದಿದ್ದು ಮನಷ್ಯಾಗಲ್ಲ!" ಗದ್ದೆಯಲ್ಲಿ ಆಗ ಯಾರೂ ಮೊಬೈಲು ನೋಡುತ್ತಿರಲಿಲ್ಲ.

ಪಂಪಾಪತಿ ತೂಬಿನ ಬಾಯಿಗೆ ಕೆಸರು ತುಂಬುತ್ತಿದ್ದಾಗ ಅವರು ಬಂದಿದ್ದರು. ಹೆಗಲ ತನಕ ಮೈ ಹಸಿರಾಗಿತ್ತು. ಜನರನ್ನು ಕಂಡು ಅವನಿಗೆ ಜೀವ ಬಂದಂತಾಗಿ, "ಬರ್ರಿ ಬರ್ರಿ, ಒಬ್ಬನ ಕೈಲೆ ಆಗವಲ್ದು" ಎಂದು ಕರೆದ. ಮೊದಲ ಏಟು ಅವನ ಸಲಿಕೆಯ ಹಿಡಿಕೆಯಿಂದಲೇ ಬಿತ್ತು. ಕಿವಿ ಹರಿದು ನೆತ್ತರು ಕೊರಳಿಗಿಳಿಯಿತು.

"ನಾ ಏನ್ ಮಾಡೀನೋ ಅಣ್ಣಾ?"

"ಮನಿ ಒಡದಿ. ಉಂಡ ಮನಿ ಒಡದಿ."

"ಯಾರ ಮನಿ?"

ಉತ್ತರವಾಗಿ ಹೊಟ್ಟೆಗೆ ಒದೆ ಬಿತ್ತು. ಕೆಸರಿನಲ್ಲಿ ಕವುಚಿ ಬಿದ್ದವನ ಬೆನ್ನ ಮೇಲೆ ಕಾಲುಗಳು ಹತ್ತಿದವು. ಅವನ ಜೊತೆ ನಾಟಿ ಮಾಡಿದವರು, ಅವನ ಮದುವೆಯಲ್ಲಿ ಉಂಡವರು, ಆ ಹೊತ್ತಿನಲ್ಲಿ ಅವರ ಕೈಕಾಲಿಗೆ ಹೆಸರಿರಲಿಲ್ಲ. ಒಬ್ಬ ಬೆರಳು ಮುರಿದ. ಇನ್ನೊಬ್ಬ ಬಾಯಿಗೆ ಹಸಿರು ನೊರೆ ತುಂಬಿ, "ಕುಡಿ ಮಗನ, ನೀ ಬೆರಸಿದ್ದನ್ನ ನೀನ ಕುಡಿ" ಎಂದ. ಹುಲಿಗೆವ್ವ ನಡುವೆ ನುಗ್ಗಿದರೆ ಜಡೆ ಹಿಡಿದು ಬದುವಿನ ಮೇಲೆ ಎಸೆದರು. ಮತ್ತೆ ಬಂದಳು, ಮತ್ತೆ ಎಸೆದರು. ಕ್ಯಾಮೆರಾದ ಕಂಬದ ಬುಡಕ್ಕೆ, ಅದರ ಕಣ್ಣಿಗೆ ಬೀಳದಲ್ಲಿ, ಪಂಪಾಪತಿಯನ್ನು ಅವನ ಧೋತರದಿಂದಲೇ ಕಟ್ಟಿದರು. ಸತ್ತ ಬಿಳಿ ಪೈರನ್ನು ಕಿತ್ತು ಕಾಲ ಸುತ್ತ ಒಟ್ಟಿದರು. ಡೀಸೆಲ್ ಬಂತು.

ಮೊಣಕಾಲಿನ ತನಕ ತಣ್ಣಗೆ ಡೀಸೆಲ್ ಸುರಿದಾಗ ಅವನಿಗೆ ನಡೆಯುತ್ತಿರುವುದು ಅರ್ಥವಾಯಿತು. ಕಡ್ಡಿ ಗೀರಿದ ಸದ್ದಾಯಿತು. ಆಗ ಅವನ ಗಂಟಲಿನಿಂದ ಬಂದ ಕೂಗನ್ನು ಮುದ್ದನಗುಂಡಿಯವರು ಯಾರೂ ಅವನ ಬಾಯಲ್ಲಿ ಎಂದೂ ಕೇಳಿರಲಿಲ್ಲ.

"ಏಳುಕೋಟಿ ಏಳುಕೋಟಿಗೋ! ಮೈಲಾರಲಿಂಗಪ್ಪಾ!"

ಅದು ಅವನು ಹುಟ್ಟಿದ ಮನೆಯ ದೇವರು. ಹೊನ್ನೂರಪ್ಪನ ಮನೆದೇವತೆ ಹುಲಿಗೆಮ್ಮ. ಮದುವೆಯಾಗಿ ಬಂದಂದಿನಿಂದ ಅವನು ಹುಲಿಗೆಮ್ಮನಿಗೇ ಎಡೆ ಹಿಡಿದಿದ್ದ, ಅವಳ ಹೆಸರಿನಲ್ಲೇ ಬಿತ್ತಿದ್ದ, ಅವಳ ಹುಣ್ಣಿಮೆಗೇ ನಡೆದು ಹೋಗಿದ್ದ.

"ಕೇಳೀರಾ?" ಮಾರೆಪ್ಪ ಹಿಗ್ಗಿದ. "ಹುಲಿಗೆಮ್ಮನ ಅನ್ನ ಉಂಡು ಯಾವ ದೇವರನ್ನ ಕರೀತಾನ ನೋಡ್ರಿ! ಹೊರಗಿನವ ಹೊರಗಿನವನ." ಕಡ್ಡಿ ಎಸೆದ. ಬೆಂಕಿ ಭುಗ್ಗೆಂದಿತು.

ಜನರ ಹಿಂದೆ, ಬದುವಿನ ಮೇಲೆ ಏದುಸಿರು ಬಿಡುತ್ತ ಬರುತ್ತಿದ್ದ ಹೊನ್ನೂರಪ್ಪನೂ ಆ ಕೂಗು ಕೇಳಿದ. ಮುದುಕ ಅಲ್ಲೇ ನಿಂತ. ಸಾಯುವ ಹೊತ್ತಿನಲ್ಲಿ ಮಗುವಿನ ಬಾಯಿಗೆ ಬರುವುದು ತಾಯಿಯ ಹೆಸರು. ಇಷ್ಟು ವರ್ಷ ಇವನು ಆ ಹೆಸರನ್ನು ಎಲ್ಲಿ ಬಚ್ಚಿಟ್ಟುಕೊಂಡಿದ್ದ? ಯಾರಿಗೆ ಹೆದರಿ? ಮುಂದಿನದನ್ನು ಅವನು ಯೋಚಿಸಿ ಮಾಡಲಿಲ್ಲ. ಜನರನ್ನು ಗುದ್ದಿಕೊಂಡು ಬಂದು ಉರಿಯುವ ಪೈರಿನ ಮೇಲೆ ಹಾಯ್ದು ಅಳಿಯನನ್ನು ತಬ್ಬಿಕೊಂಡ. ಅಂಗಿ ಹೊತ್ತಿತು. ಯಾರದೋ ಬಡಿಗೆ, ಬೀಸಿದ್ದು ನಿಲ್ಲಲಾರದೆ, ಮುದುಕನ ತೋಳಿನ ಮೇಲೆ ಬಿತ್ತು. ಎಲುಬು ಮುರಿದ ಸದ್ದು ಎಲ್ಲರಿಗೂ ಕೇಳಿಸಿತು.

"ಹೊಡೀರಿ!" ಎಂದು ಅವನು ಒದರಿದ. "ಇವನ ದೇವ್ರು ನನಗೂ ದೇವ್ರು. ಹೊಡೀರೋ!"

ಹುಲಿಗೆವ್ವ ಎರಡೂ ಕೈಯಿಂದ ಕೆಸರು ಬಾಚಿ ಬಾಚಿ ಬೆಂಕಿಯ ಮೇಲೆ, ಗಂಡನ ಮೇಲೆ, ಅಪ್ಪನ ಮೇಲೆ ಎಸೆದಳು. ಜನ ಹಿಂದೆ ಸರಿದರು. ನಿಂತ ಜನರಲ್ಲಿ ಒಬ್ಬ ತನ್ನ ಕೈಯ ಬಡಿಗೆಯನ್ನು ಆಗಷ್ಟೇ ಕಂಡವನಂತೆ ನೋಡಿ ನೀರಿಗೆ ಬಿಟ್ಟ. ಇನ್ನೊಬ್ಬನೂ ಕೆಸರಿಗೆ ಕೈ ಹಾಕಿದ.

ವೈಜಯಂತಿಯ ಜೀಪು ಬಂದಾಗ ಹೊಗೆ ಮಾತ್ರ ಉಳಿದಿತ್ತು. ಅವಳು ಧೋತರದ ಗಂಟು ಬಿಚ್ಚಲು ಹೋದಳು. ಚರ್ಮ ಅಂಟಿಕೊಂಡು ಬಂತು. ಮೌನೇಶ ಇಬ್ಬರನ್ನೂ ಜೀಪಿಗೆ ಹತ್ತಿಸುತ್ತಿದ್ದಂತೆ ಅವಳು ತಿರುಗಿ ನಿಂತು ಹೇಳಿದಳು: "ನಾ ಅಳಿಯ ಅಂದಿದ್ದು ಎಲಿಯೊಳಗಿನ ಹಸರಿಗೆ. ಅದಕ್ಕ ನಾವು ಇಟ್ಟ ಹೆಸರು ಅದು. ಬರೇ ಚ್ಯಾಷ್ಟಿ ಹೆಸರು."

ಮಾರೆಪ್ಪ ಅಂದ: "ಹಂಗಿದ್ರ ಬಿಡಿಸಿ ಹೇಳಬೇಕಿತ್ತಲ್ರೀ ಮೇಡಂ. ನಿಮ್ಮ ಎಲಿಯೊಳಗ ಅಳಿಯ ಇರ್ತಾನಂತ ನಾವೇನು ಕನಸು ಕಂಡಿದ್ವೇನು?"

"ಹೌದು," ಎಂದಳು ವೈಜಯಂತಿ. "ಹೇಳಬೇಕಿತ್ತು. ಆದ್ರ ಮಾರೆಪ್ಪ, ನನ್ನ ಮಾತು ಕೇಳಿದಾಗ ನಿನಗ ಒಂದೀಟೂ ಅನುಮಾನ ಬರಲಿಲ್ಲೇನು?"

ಅವನು ಮುಖ ತಿರುಗಿಸಿದ. ಸುತ್ತಲೂ ಗದ್ದೆಗಳಲ್ಲಿ ಹಸಿರು ನೊರೆ ಬಿಸಿಲಿಗೆ ಕಂದಾಗಿ ಒಡೆದು, ಯಾರೂ ಸುಡದೆಯೇ ಸಾಯುತ್ತಿತ್ತು. ಸಂಜೆ ಪೊಲೀಸರು ಬಂದು ಮಾರೆಪ್ಪನನ್ನೂ ಇನ್ನು ಕೆಲವರನ್ನೂ ಕರೆದೊಯ್ದರು. ವೈಜಯಂತಿ ತಾನಾಗಿಯೇ ಠಾಣೆಗೆ ಹೋಗಿ ಆ ಧ್ವನಿ ತನ್ನದೆಂದು ಹೇಳಿದಳು.

ಆಸ್ಪತ್ರೆಯ ಸುಟ್ಟಗಾಯದ ವಾರ್ಡಿನಲ್ಲಿ ಪಂಪಾಪತಿಯ ಕಾಲುಗಳನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಎತ್ತರಿಸಿ ಇಟ್ಟಿದ್ದರು. ಪ್ರಾಣಕ್ಕೆ ಭಯವಿಲ್ಲ, ನಡೆಯುತ್ತಾನೆ, ಆದರೆ ಎಂದಿನಂತಲ್ಲ ಎಂದು ಡಾಕ್ಟರು ಹೇಳಿದ್ದರು. ವಾಸಿಯಾದ ಮೇಲೆ ತನ್ನ ತಾಯಿಯ ಊರಿಗೆ ಹೋಗುವುದಾಗಿ ಅವನು ಹುಲಿಗೆವ್ವನಿಗೆ ಹೇಳಿದ್ದ. "ನಾನೂ ಬರತೀನಿ" ಎಂದು ಅವಳು ಮೋಸಂಬಿ ಸುಲಿಯುತ್ತಲೇ ಅಂದಿದ್ದಳು. ಅದನ್ನು ಕೇಳಿಸಿಕೊಂಡ ಹೊನ್ನೂರಪ್ಪ, ತೋಳಿಗೆ ಪ್ಲಾಸ್ಟರು ಕಟ್ಟಿಸಿಕೊಂಡು ಪಕ್ಕದ ಸ್ಟೂಲಿನ ಮೇಲೆ ದಿನವೂ ಬಂದು ಕೂಡುತ್ತಿದ್ದ.

ವೈಜಯಂತಿ ಬಂದು ಮಂಚದ ಬುಡದಲ್ಲಿ ನಿಂತಳು. ಕ್ಷಮೆ ಕೇಳಲೆಂದು ಬಂದವಳ ಕಣ್ಣು ಆ ಕಾಲುಗಳ ಮೇಲೆಯೇ ನಿಂತಿತು.

"ಕುಂಡ್ರಿ ಮೇಡಂ," ಎಂದ ಪಂಪಾಪತಿ. ತುಟಿ ಇನ್ನೂ ಊದಿತ್ತು. "ನಿಮ್ಮ ಅಳಿಯ ಏನಾದ?"

"ಸತ್ತ."

"ಯಾರು ಸುಟ್ರು?"

"ಯಾರೂ ಸುಡಲಿಲ್ಲ. ಹೊರಗ ಬಂದ ಮ್ಯಾಲೆ ಬದುಕಾಕ ಏನೇನು ಬೇಕೋ ಎಲ್ಲಾ ಆ ಮನಿಯೊಳಗ ಉಳದಿತ್ತು."

"ತಗೊಂಡು ಬರಬೇಕಿಲ್ಲೋ ಹುಚ್ಚ."

"ಅಂವ ಕೇಳಾಕ ಬಾಯಿಲ್ಲದವ. ಕೊಡೋರು ನಾವ. ನಾ ಅರ್ಧಾ ಕೊಟ್ಟೆ. ನನಗ ಲಾಭ ಇದ್ದಷ್ಟು."

ಪಂಪಾಪತಿ ಛಾವಣಿಯ ಫ್ಯಾನು ನೋಡುತ್ತ ಮಲಗಿದ. ವೈಜಯಂತಿ ಅವನಿಗೆ ಕೈ ಮುಗಿದು ಹೋದಳು.

ಮರುದಿನ ಹೊನ್ನೂರಪ್ಪ ತಡವಾಗಿ ಬಂದ. ಸ್ಟೂಲನ್ನು ಮಂಚದ ಹತ್ತಿರ ಎಳೆದುಕೊಂಡು, ಒಂದೇ ಕೈಯಲ್ಲಿ ಧೋತರದ ಮಡಿಯನ್ನು ಬಿಡಿಸಿದ. ಅದರೊಳಗೆ ಹೆಬ್ಬೆರಳಿನಷ್ಟು ದೊಡ್ಡದೊಂದು ಬೆಳ್ಳಿಯ ಮೂರ್ತಿಯಿತ್ತು. ಕುದುರೆಯ ಮೇಲೆ ಕೂತ ಮೈಲಾರಲಿಂಗ. ಮದುವೆಯ ದಿನ ಪಂಪಾಪತಿಯ ತಾಯಿ, ಮಗನ ಜೊತೆಗೆ ಅವನ ಪಾಲಿನ ದೇವರನ್ನೂ ಒಪ್ಪಿಸುತ್ತ, ನಿಮ್ಮ ಜಗಲಿಯ ಮೇಲೆ ಒಂದು ಮೂಲೆ ಕೊಡಿ ಎಂದು ಬೀಗರ ಕೈಗಿಟ್ಟಿದ್ದಳು. ಮುದುಕ ಅದನ್ನು ಜಗಲಿಗೆ ಏರಿಸದೆ ಪೆಟ್ಟಿಗೆಯ ತಳಕ್ಕೆ ಹಾಕಿ ಬೀಗ ಜಡಿದಿದ್ದ. ಒಂದು ಮನೆಗೆ ಎರಡು ದೇವರು ಯಾಕೆಂದು ಅವನಿಗೆ ಆಗ ಅನ್ನಿಸಿತ್ತು. ಪಂಪಾಪತಿ ಒಮ್ಮೆಯೂ ಕೇಳಿರಲಿಲ್ಲ.

ಬೆಳ್ಳಿ ಹೊಳೆಯುತ್ತಿತ್ತು. ಹುಣಸೆಹಣ್ಣಿನಿಂದ ಒಂಟಿಗೈಯಲ್ಲಿ ತಿಕ್ಕಿ ತಿಕ್ಕಿ ಬೆಳಗಿಸಿದ್ದು ಗೊತ್ತಾಗುತ್ತಿತ್ತು. ಕುದುರೆಯ ಕಾಲಿನ ಸಂದಿಯಲ್ಲಿ ಕರೆ ಇನ್ನೂ ಉಳಿದಿತ್ತು. ಮುದುಕ ಯಾರ ಮುಖವನ್ನೂ ನೋಡಲಿಲ್ಲ. ಅಳಿಯನ ಮುರಿದ ಬೆರಳುಗಳನ್ನು ನೋಯದಂತೆ ಒಂದೊಂದಾಗಿ ಬಿಡಿಸಿ, ಆ ದೇವರನ್ನು ಅಂಗೈಯಲ್ಲಿ ಇಟ್ಟು, ಬೆರಳುಗಳನ್ನು ಮತ್ತೆ ಒಂದೊಂದಾಗಿ ಮಡಿಚಿದ.